ಕೂರುವುದು, ಕೂರಿಸುವುದು

ಆಟವೆಂದರೆ ಪಾಠದ ನಡುವಿನ ಬಿಡುವೆಂದೇ ನಾವು ಬಹುಕಾಲ ಎಣಿಸಿದ್ದೇವೆ. ಪಾಠ ಹೇಳಿಯೇ ಬದುಕು ಸವೆಸಿದ ನನಗೆ ಹದಿಹರೆಯದವರ ಪಾಲಿಗೆ ಅದೂ ಒಂದು ಪಾಠವೆಂದು ತೋರುತ್ತದೆ.

ನಮ್ಮ ಖೋ ಖೋ ಆಟವನ್ನೇ ನೋಡಿ. ಎಂಟು ಮಂದಿ ಸಾಲಾಗಿ, ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖಮಾಡಿ ಕೂರುತ್ತಾರೆ, ಒಂಬತ್ತನೆಯವರು ಬೆನ್ನಟ್ಟುತ್ತಾರೆ. ಬೆನ್ನಟ್ಟುವವರು ಕಂಬವನ್ನು ತಲುಪುವವರೆಗೆ ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ, ಕೂತವರ ನಡುವೆ ನುಸುಳುವಂತಿಲ್ಲ. ಕಾಲು ಎಷ್ಟೇ ಚುರುಕಾಗಿರಲಿ, ಕೂತವರ ಬೆನ್ನು ಮುಟ್ಟಿ 'ಖೋ' ಎನ್ನದೆ ಗತಿಯಿಲ್ಲ. ಒಬ್ಬರೇ ಗೆಲ್ಲುವ ದಾರಿಯನ್ನು ನಿಯಮವೇ ಮುಚ್ಚಿದೆ.

ದಾವಣಗೆರೆ ಜಿಲ್ಲೆಯಲ್ಲಿ ಅಡಿಕೆ ತೋಟಗಳ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಅದರ ನೆರೆಯ ನ್ಯಾಮತಿ, ಮಳೆಗೆ ಕಾಯುವ ಜಗಳೂರು ಇವೆ. ನೆಲದ ಗುಣ ಬೇರೆ ಬೇರೆ. ಎರಡು ಕಂಬ, ಒಂದು ಸಮತಟ್ಟಾದ ಅಂಕಣ ಎಲ್ಲಿಯೂ ಸಾಧ್ಯ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ನಮ್ಮ ಪುರುಷರೂ ಮಹಿಳೆಯರೂ ಗೆದ್ದರು. ಸಂತೋಷವೇ. ನನ್ನ ಚಿಂತೆ ಮೈದಾನದ ಅಂಚಿನಲ್ಲಿರುವವರದು: ದೊಡ್ಡವಳಾದಳೆಂದು ಆಟ ಬಿಟ್ಟ ಹುಡುಗಿ, ಕಾಲು ಸ್ವಾಧೀನದಲ್ಲಿಲ್ಲವೆಂದು ಅಂಕ ಬರೆಯಲು ಕೂರಿಸಲಾದ ಹುಡುಗ.

ಹುಡುಗಿಗೆ ಶಾಲೆಯ ವೇಳೆಯೊಳಗೇ ಆಟದ ಅವಧಿ ಬೇಕು. ಸಂಜೆಯಾದರೆ ಮನೆಯವರು ಕಾಯುತ್ತಾರೆ. ಹುಡುಗನಿಗೂ ದಾರಿಯಿದೆ: ಕೂತೇ ಗುಂಡು ಎಸೆಯುವ ಸ್ಪರ್ಧೆ ಪ್ಯಾರಾಲಿಂಪಿಕ್ಸ್‌ನಲ್ಲಿಯೇ ಉಂಟು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಕ್ರೀಡೆಯಲ್ಲಿ ಅವರ ಪಾಲನ್ನು ಸರ್ಕಾರದ ಹೊಣೆಯಾಗಿಸಿದೆ. ಆ ಕಾಯಿದೆ ಮೈದಾನಕ್ಕೆ ಇಳಿಯಬೇಕಾದುದು ದೈಹಿಕ ಶಿಕ್ಷಕರ ಮೂಲಕ.

ಖೋ ಖೋದಲ್ಲಿ ಕೂತವರ ಕಿವಿ ಸದಾ ಎಚ್ಚರ. ಕರೆ ಬರುವುದೆಂಬ ಭರವಸೆ ಅವರಿಗಿದೆ. ಅಂಚಿನಲ್ಲಿ ಕೂತ ಮಕ್ಕಳಿಗೂ ಆ ಭರವಸೆ ಸಲ್ಲಬೇಕು.