ನಿಮಗಿದು ಗೊತ್ತೆ? ಕಿರುಗುಟ್ಟಿದ ಸೊಂಟದ ಕೀಲು

1950ರ ದಶಕ, ಇಂಗ್ಲೆಂಡ್. ಸೊಂಟದ ಕೀಲಿಗೆ ಅಕ್ರಿಲಿಕ್‌ನ ಕೃತಕ ಗುಂಡು ಹಾಕಿಸಿಕೊಂಡಿದ್ದ ರೋಗಿಯೊಬ್ಬ ಬಗ್ಗಿದಾಗಲೆಲ್ಲ ಕೀಲು ಕಿರ್ರೆನ್ನುತ್ತಿತ್ತು. ಇದು ಘರ್ಷಣೆಯ ಸದ್ದು, ಹೀಗೆ ಉಜ್ಜಿದರೆ ಗುಂಡು ಸಡಿಲವಾಗುವುದು ಖಂಡಿತ ಎಂದು ಗುರುತಿಸಿದವರು ವೈದ್ಯ ಜಾನ್ ಚಾರ್ನ್ಲಿ.

ಅವರು ಗುಂಡನ್ನು ಉಕ್ಕಿನಲ್ಲಿ ಮಾಡಿಸಿದರು. ಅದು ಕೂರುವ ಬಟ್ಟಲಿಗೆ ಟೆಫ್ಲಾನ್ ಆರಿಸಿದರು. ಇಂದು ದೋಸೆ ತವಾಗೆ ಬಳಿಯುವ ಅದೇ ಟೆಫ್ಲಾನ್. ಜಾರಿತೇನೋ ಸರಿ, ಆದರೆ ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. ಉದುರಿದ ಪುಡಿಯಿಂದ ಸುತ್ತಲಿನ ಅಂಗಾಂಶ ಕೆರಳಿತು. ಸುಮಾರು 300 ರೋಗಿಗಳ ಶಸ್ತ್ರಚಿಕಿತ್ಸೆ ವಿಫಲ! ಜಾರುವ ಗುಣವೇ ಬೇರೆ, ಸವೆಯದಿರುವ ಗುಣವೇ ಬೇರೆ.

ಇಷ್ಟರಲ್ಲಿ ಚಾರ್ನ್ಲಿಯವರ ಪ್ರಯೋಗಾಲಯದ ಸಹಾಯಕ ಹ್ಯಾರಿ ಕ್ರೇವನ್ ಕೈಗೆ ಹೊಸ ಪ್ಲಾಸ್ಟಿಕ್ ತುಂಡೊಂದು ಸಿಕ್ಕಿತು. ಅದು ಮಗ್ಗಗಳ ಗಿಯರ್‌ಗೆ ಬಳಸುತ್ತಿದ್ದ ಪಾಲಿಎಥಿಲೀನ್. ಚಾರ್ನ್ಲಿ ಅದನ್ನು ಉಗುರಿನಿಂದ ಒತ್ತಿ ನೋಡಿ, ಪ್ರಯೋಜನವಿಲ್ಲ ಎಂದುಬಿಟ್ಟರು. ಕ್ರೇವನ್ ಬಿಡಲಿಲ್ಲ, ಯಂತ್ರಕ್ಕೆ ಹಾಕಿ ಉಜ್ಜಿಸಿದರು. ಮೂರು ವಾರವಾದರೂ ಟೆಫ್ಲಾನ್ ಒಂದೇ ದಿನದಲ್ಲಿ ಸವೆಯುವಷ್ಟು ಅದು ಸವೆದಿರಲಿಲ್ಲ.

ದೇಹ ಇದನ್ನು ಸಹಿಸುತ್ತದೆಯೇ ಎಂದು ನೋಡಲು ಚಾರ್ನ್ಲಿ ಎರಡೂ ಪ್ಲಾಸ್ಟಿಕ್‌ಗಳ ಪುಡಿಯನ್ನು ತಮ್ಮ ತೊಡೆಗೇ ಚುಚ್ಚಿಕೊಂಡರು. ಟೆಫ್ಲಾನ್ ಇದ್ದಲ್ಲಿ ಮಾತ್ರ ಗಂಟುಕಟ್ಟಿತು.

1962ರ ನವೆಂಬರ್‌ನಲ್ಲಿ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಪಾಲಿಎಥಿಲೀನ್ ಬಟ್ಟಲು ಮೊದಲ ಬಾರಿ ರೋಗಿಯ ದೇಹ ಸೇರಿತು. ಒಳಗಿನ ಗುಂಡಿನ ವ್ಯಾಸ ಸುಮಾರು 22 ಮಿ.ಮೀ. ಮಾತ್ರ: ಗುಂಡು ಚಿಕ್ಕದಾದಷ್ಟೂ ಬಟ್ಟಲನ್ನು ತಿರುಚುವ ಬಲ ಕಡಿಮೆ.

ಈ ಪ್ಲಾಸ್ಟಿಕ್ಕೂ ನಿಧಾನವಾಗಿ ಸವೆಯುತ್ತದೆ. ಅದರ ಸೂಕ್ಷ್ಮ ಕಣಗಳು ಸುತ್ತಲಿನ ಮೂಳೆ ಕರಗಲು ಕಾರಣವಾಗಬಲ್ಲವು. ಹಾಗಾಗಿ 1990ರ ದಶಕದ ಕೊನೆಯಿಂದ ವಿಕಿರಣ ಹಾಯಿಸಿ ಗಟ್ಟಿಗೊಳಿಸಿದ ಪಾಲಿಎಥಿಲೀನ್ ಬಳಕೆಗೆ ಬಂದಿದೆ.