ಉರ್ದುವಿನಿಂದ ಫಾರಸಿಗೆ: ದುಭಾಷಿಯ ಅನ್ವೇಷಣೆ

ಕರಾಚಿಯ ಗಿರಣಿ ಕೆಲಸಗಾರರ ಬಾಳುವೆಯನ್ನು ಅಧ್ಯಯನ ಮಾಡಬಯಸುವ ತೆಹರಾನಿನ ಸಮಾಜಶಾಸ್ತ್ರಜ್ಞನೊಬ್ಬನು, ಉರ್ದುವಿನ ಲಿಪಿಯು ತನ್ನ ಲಿಪಿಯಿಂದಲೇ ಬಂದುದೆಂದೂ, ಅದರ ಶಬ್ದಭಂಡಾರದ ಬಹುಭಾಗ ತನ್ನ ನುಡಿಯಾದ ಫಾರಸಿಯ ದಾನವೆಂದೂ ಬಗೆದು, ಎರಡನ್ನೂ ಓದಬಲ್ಲ ಯಾವ ಪಂಡಿತನಾದರೂ ತನಗೆ ದುಭಾಷಿಯಾಗಬಲ್ಲನೆಂದು ನಂಬಿದನಾದರೆ, ಆ ನಂಬಿಕೆಯೇ ಅವನ ಕಾರ್ಯಕ್ಕೆ ಮೊದಲ ವಿಘ್ನವಾದೀತು. ಈ ಎರಡು ಭಾಷೆಗಳ ಸಾಮೀಪ್ಯವೇ ಅಪಾಯದ ಮೂಲ.

ಕೆಲಸಗಾರನು ತನಗೆ ‘ಹುಕೂಕ್’ ದೊರೆಯಲಿಲ್ಲವೆಂದರೆ ಅದು ಹಕ್ಕುಗಳ ಮಾತು. ಆ ಶಬ್ದವನ್ನು ಹಾಗೆಯೇ ದಾಟಿಸಿದರೆ, ಅದನ್ನು ಸಂಬಳವೆಂಬ ಅರ್ಥದಲ್ಲಿ ನಿತ್ಯ ಬಳಸುವ ಇರಾನಿನವನು ವೇತನ ಬಾಕಿಯಿದೆಯೆಂದು ಬರೆದುಕೊಂಡಾನು. ಉರ್ದುವಿನಲ್ಲಿ ಜಾತಿಯನ್ನು ಸೂಚಿಸುವ ‘ಜಾತ್’ ಎಂಬುದು ಫಾರಸಿಯಲ್ಲಿ ವಸ್ತುವಿನ ಸ್ವಭಾವ, ಸತ್ತ್ವ ಎಂಬ ತಾತ್ತ್ವಿಕಾರ್ಥದ ಶಬ್ದ. ಇಷ್ಟೇ ಅಲ್ಲ, ಉರ್ದುವಿನ ಕ್ರಿಯಾಪದವು ಮಾಡಿದವರು ಹೆಣ್ಣೋ ಗಂಡೋ ಎಂಬುದನ್ನು ಬಹುಮಟ್ಟಿಗೆ ತಾನೇ ತಿಳಿಸುತ್ತದೆ, ಫಾರಸಿಗೆ ಲಿಂಗಭೇದವೇ ಇಲ್ಲ. ಸೊಸೆಯೊಬ್ಬಳು ತನ್ನನ್ನು ಕೆಲಸಕ್ಕೆ ಹೋಗದಂತೆ ತಡೆದ ‘ಜೇಠ್’ನ ವಿಷಯ ಹೇಳುವಾಗ, ಗಂಡನ ಅಣ್ಣನೆಂಬ ಹಿರಿತನವನ್ನು ದುಭಾಷಿಯು ಬಿಡಿಸಿ ಹೇಳದಿದ್ದರೆ, ಫಾರಸಿಯಲ್ಲಿ ಭಾವನೂ ಮೈದುನನೂ ಒಂದೇ ಆಗಿ, ಮನೆಯ ಅಧಿಕಾರವು ಯಾರ ಕೈಯಲ್ಲಿದೆಯೆಂಬ ಮುಖ್ಯ ಸಂಗತಿಯೇ ಮರೆಯಾಗುತ್ತದೆ.

ಶಾಸ್ತ್ರದ ಪರಿಭಾಷೆಯಲ್ಲಿಯೂ ದಾರಿ ಕವಲೊಡೆದಿದೆ. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾಗಿ ಉರ್ದುವಿನಲ್ಲಿಯೇ ಉಚ್ಚಶಿಕ್ಷಣ ನೀಡಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾಷಾಂತರ ವಿಭಾಗವು ಬಹುವಾಗಿ ಅರಬ್ಬೀ ಧಾತುಗಳಿಂದ ಪಾರಿಭಾಷಿಕ ಶಬ್ದಗಳನ್ನು ನಿರ್ಮಿಸಿತು; ಇರಾನಿನಲ್ಲಾದರೋ 1935ರಲ್ಲಿ ಸ್ಥಾಪಿತವಾದ ಭಾಷಾ ಅಕಾಡೆಮಿಯು ಸ್ವದೇಶೀ ಧಾತುಗಳತ್ತ ತಿರುಗಿತು. ಸಮಾಜಶಾಸ್ತ್ರವು ಫಾರಸಿಯಲ್ಲಿ ‘ಜಾಮೆಎಶೆನಾಸಿ’, ಉರ್ದುವಿನಲ್ಲಿ ‘ಉಮ್ರಾನಿಯಾತ್’.

ಹಾಗಾದರೆ ಯೋಗ್ಯನನ್ನು ಎಲ್ಲಿ ಅರಸಬೇಕು? ಪಾಕಿಸ್ತಾನದ ಕ್ವೆಟ್ಟಾದ ಹಜಾರಾ ಸಮುದಾಯದವರಲ್ಲಿ ಹಲವರು, 1890ರ ದಶಕದಲ್ಲಿ ಅಮೀರ ಅಬ್ದುರ್ರಹಮಾನನ ದಂಡಯಾತ್ರೆಗಳಿಗೆ ಬೆದರಿ ಆಫ್ಘಾನಿಸ್ತಾನದಿಂದ ವಲಸೆ ಬಂದವರ ಸಂತತಿ. ಮನೆಯಲ್ಲಿ ಫಾರಸಿಯ ಒಂದು ರೂಪವಾದ ಹಜಾರಗಿ, ಶಾಲೆ ಪೇಟೆಗಳಲ್ಲಿ ಉರ್ದು. 1979ರ ತರುವಾಯ ಪಾಕಿಸ್ತಾನಕ್ಕೆ ಬಂದು ಅಲ್ಲಿಯೇ ಬೆಳೆದ ಆಫ್ಘನ್ನರಲ್ಲಿಯೂ ಆಫ್ಘಾನಿಸ್ತಾನದ ಫಾರಸಿಯಾದ ದರಿ, ಉರ್ದು ಎರಡನ್ನೂ ಲೀಲಾಜಾಲವಾಗಿ ಆಡುವವರುಂಟು. ಪದವಿಯ ಪಂಡಿತರಿಗಿಂತ ಇವರು ಎಷ್ಟೋ ವೇಳೆ ಮೇಲು, ಏಕೆಂದರೆ ಎರಡು ನುಡಿಗಳಲ್ಲಿಯೂ ಜಗಳವಾಡಿ, ಚೌಕಾಸಿ ಮಾಡಿ, ದುಃಖವನ್ನು ತೋಡಿಕೊಂಡ ಅನುಭವ ಇವರದು. ಆದರೆ ತೆಹರಾನಿನ ಇಂದಿನ ಬಳಕೆಯನ್ನು ಇವರು ಕಲಿತಿರಬೇಕು. ಅಲ್ಲದೆ, ಪಂಥ ಮತ್ತು ಬುಡಕಟ್ಟುಗಳ ಹೆಸರಿನಲ್ಲಿ ರಕ್ತ ಹರಿದಿರುವ ಪ್ರದೇಶದಲ್ಲಿ ದುಭಾಷಿಯ ಕುಲವನ್ನು ಕಂಡೇ ಬಾಯಿ ಮುಚ್ಚುವವರಿದ್ದಾರೆಂಬುದನ್ನು ಮರೆಯಲಾಗದು. ಹೆಂಗಸರ ಸಂದರ್ಶನಕ್ಕೆ ಸಾಧ್ಯವಾದ ಮಟ್ಟಿಗೆ ಹೆಣ್ಣುಮಗಳೇ ದುಭಾಷಿಯಾಗಿರಲಿ. ಉತ್ತರ ಕೊಡುವವರ ನೆಂಟನನ್ನು ದುಭಾಷಿಯಾಗಿ ಕೂರಿಸುವುದಂತೂ ಸರ್ವಥಾ ಸಲ್ಲದು.

ಪ್ರಶ್ನಾವಳಿಯನ್ನು ಮುಂಚಿತವಾಗಿ ದುಭಾಷಿಯೊಡನೆ ಕುಳಿತು ಚರ್ಚಿಸುವುದು, ಹೇಳಿದವರ ಮಾತನ್ನು ಉತ್ತಮ ಪುರುಷದಲ್ಲಿಯೇ ನುಡಿಸುವುದು, ಧ್ವನಿಮುದ್ರಣದ ಕೆಲವು ಭಾಗಗಳನ್ನು ಎರಡನೆಯ ಭಾಷಾಜ್ಞನಿಂದ ಪರೀಕ್ಷೆ ಮಾಡಿಸುವುದು, ಇವಿಷ್ಟೂ ಅವಶ್ಯಕ. ಇಂತಹ ಹೊಣೆಯನ್ನು ಹೊರುವವರನ್ನು ದಿನಗೂಲಿಯವರಂತೆ ಕಾಣದೆ ಸಹಸಂಶೋಧಕರೆಂದೇ ಪರಿಗಣಿಸಿ, ತಕ್ಕ ಸಂಭಾವನೆಯನ್ನು ಸಲ್ಲಿಸಿ, ಅವರ ಸಮ್ಮತಿಯಿದ್ದಲ್ಲಿ ಗ್ರಂಥದ ಮೊದಲ ಪುಟದಲ್ಲಿ ಅವರ ಹೆಸರನ್ನೂ ಅಚ್ಚು ಮಾಡಿಸುವುದು ನ್ಯಾಯ.