ರಕ್ತದಲ್ಲಿ ಕಾಣುವ ರೋಗ, ಮಜ್ಜೆಯಲ್ಲಿ ಅದರ ಮೂಲ

‘ಹೊಸ ರಕ್ತ ಕೊಡಿಸಿದರೆ ಕಾಯಿಲೆ ಪೂರ್ತಿ ವಾಸಿಯಾಗುವುದಿಲ್ಲವೇ ಡಾಕ್ಟರೇ?’ ಕುಡುಗೋಲು ರಕ್ತಕಣ ರೋಗ, ಅಂದರೆ ಸಿಕಲ್ ಸೆಲ್ ಅನೀಮಿಯಾ ಇರುವ ಮಕ್ಕಳ ತಂದೆತಾಯಿಯರು ಕೇಳುವ ಪ್ರಶ್ನೆಯಿದು. ಇದಕ್ಕೆ ಉತ್ತರ ಸಿಗಬೇಕಾದರೆ ವಂಶವಾಹಿಗಳು ಯಾವ ಜೀವಕೋಶದಲ್ಲಿ, ಯಾವಾಗ ಕೆಲಸ ಮಾಡುತ್ತವೆ ಎಂಬುದನ್ನು ತಿಳಿಯಬೇಕು.

ಪಟ್ಟಿ ಒಂದೇ, ಕೆಲಸ ಬೇರೆ

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇರುವ ವಂಶವಾಹಿಗಳು ಒಂದೇ. ಆದರೆ ಎಲ್ಲವೂ ಎಲ್ಲೆಡೆ ದುಡಿಯುವುದಿಲ್ಲ. ವಿಜಯದಶಮಿಯ ರಾತ್ರಿ ನಮ್ಮ ಬನ್ನಿಮಂಟಪದ ಮೈದಾನದಲ್ಲಿ ನಡೆಯುವ ಪಂಜಿನ ಕವಾಯತನ್ನು ನೆನಪಿಸಿಕೊಳ್ಳಿ. ಎಲ್ಲ ತಂಡಗಳಿಗೂ ಕಾರ್ಯಕ್ರಮ ಒಂದೇ. ಆದರೆ ಪ್ರತಿ ತಂಡವೂ ತನ್ನ ಸರದಿಯನ್ನಷ್ಟೇ ಪ್ರದರ್ಶಿಸುತ್ತದೆ. ಹಾಗೆಯೇ ಇನ್ಸುಲಿನ್ ವಂಶವಾಹಿ ಚರ್ಮದ ಕೋಶದಲ್ಲೂ ಇದೆ. ಆದರೆ ಅದು ದುಡಿಯುವುದು ಮುಖ್ಯವಾಗಿ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ.

ಕೋಶದ ಒಳಗೂ ಈ ಕೆಲಸಕ್ಕೆ ಎರಡು ಜಾಗಗಳಿವೆ. ವಂಶವಾಹಿಯ ನಕಲು ಕೋಶಕೇಂದ್ರದಲ್ಲಿ ತಯಾರಾಗುತ್ತದೆ. ಆ ನಕಲಿಗೆ ಆರ್‌ಎನ್‌ಎ ಎಂದು ಹೆಸರು. ಅದು ಹೊರಗಿನ ಕೋಶರಸಕ್ಕೆ ಬಂದಾಗ ರೈಬೋಸೋಮ್‌ಗಳು ಅದನ್ನು ಓದಿ ಪ್ರೋಟೀನ್ ತಯಾರಿಸುತ್ತವೆ. ಬ್ಯಾಕ್ಟೀರಿಯಾಗಳಿಗೆ ಕೋಶಕೇಂದ್ರವೇ ಇಲ್ಲದ ಕಾರಣ ಎರಡೂ ಕೆಲಸ ಒಂದೇ ಕಡೆ ನಡೆಯುತ್ತವೆ.

ಕೆಂಪು ರಕ್ತಕಣದ ವಿಶೇಷ

ಬಲಿತ ಕೆಂಪು ರಕ್ತಕಣದಲ್ಲೂ ಕೋಶಕೇಂದ್ರವಿಲ್ಲ. ಅದರಲ್ಲಿ ತುಂಬಿರುವ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು ಹೆಚ್ಚಾಗಿ ಮೂಳೆಯ ಮಜ್ಜೆಯಲ್ಲೇ ತಯಾರಾದವು. ರಕ್ತಕ್ಕೆ ಬಂದ ಮೇಲೆ ಒಂದೆರಡು ದಿನ, ಉಳಿದ ಆರ್‌ಎನ್‌ಎ ಮುಗಿಯುವವರೆಗೆ, ಸ್ವಲ್ಪ ತಯಾರಿಕೆ ನಡೆದು ನಿಂತುಹೋಗುತ್ತದೆ. ಆಮೇಲೆ ಆ ಕಣ ಸುಮಾರು 120 ದಿನ ಬದುಕುತ್ತದೆ.

ಸಿಕಲ್ ಸೆಲ್ ರೋಗದಲ್ಲಿ ಹಿಮೋಗ್ಲೋಬಿನ್‌ನ ಬೀಟಾ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿರುತ್ತದೆ. ಆಮ್ಲಜನಕ ಕಡಿಮೆಯಾದಾಗ ಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ನೋವು ತರುತ್ತದೆ. ಇಂಥ ಕಣ ಬದುಕುವುದು 10ರಿಂದ 20 ದಿನ ಮಾತ್ರ. ದಾನಿಯ ರಕ್ತ ಜೀವ ಉಳಿಸಬಹುದು. ಆದರೆ ಆ ಕಣಗಳು ಸವೆದ ಮೇಲೆ ಮಜ್ಜೆ ಮತ್ತೆ ಹಳೆಯ ಬಗೆಯ ಕಣಗಳನ್ನೇ ಕೊಡುತ್ತದೆ. ಆದ್ದರಿಂದ ರಕ್ತ ಕೊಡಿಸುವುದು ಪರಿಹಾರ, ವಾಸಿಯಲ್ಲ.

ಹುಟ್ಟಿದಾಗ ಏಕೆ ಗೊತ್ತಾಗುವುದಿಲ್ಲ?

ಗರ್ಭದಲ್ಲಿ ಬಹುಕಾಲ ರಕ್ತ ತಯಾರಾಗುವುದು ಮಗುವಿನ ಯಕೃತ್ತಿನಲ್ಲಿ. ಹೆರಿಗೆಯ ಹೊತ್ತಿಗೆ ಆ ಹೊಣೆ ಮಜ್ಜೆಗೆ ಬರುತ್ತದೆ. ಗರ್ಭದಲ್ಲಿ ದುಡಿಯುತ್ತಿದ್ದ ಗಾಮಾ ವಂಶವಾಹಿ ನಿಧಾನವಾಗಿ ಹಿಂದೆ ಸರಿದು ಬೀಟಾ ಮುಂದೆ ಬರುತ್ತದೆ. ಹೀಗಾಗಿ ಮೊದಲ ಕೆಲವು ತಿಂಗಳು ಚೆನ್ನಾಗಿದ್ದ ಮಗುವಿಗೆ ಆರು ತಿಂಗಳ ಸುಮಾರಿಗೆ ಕೈಕಾಲು ಬಾವು, ನೋವು ಕಾಣಿಸಬಹುದು. ಹೈಡ್ರಾಕ್ಸಿಯೂರಿಯಾ ಮಾತ್ರೆ ಹಳೆಯ ಗಾಮಾವನ್ನು ಮತ್ತೆ ಸ್ವಲ್ಪ ಎಬ್ಬಿಸಿ ನೋವನ್ನು ಕಡಿಮೆ ಮಾಡುತ್ತದೆ. ರೋಗಿಯ ಮಜ್ಜೆಯ ಮೂಲಕೋಶಗಳನ್ನೇ ತಿದ್ದುವ ಚಿಕಿತ್ಸೆಗೆ ಬ್ರಿಟನ್ ಮತ್ತು ಅಮೆರಿಕ 2023ರ ಕೊನೆಯಲ್ಲಿ ಒಪ್ಪಿಗೆ ಕೊಟ್ಟವು. ಅದು ಬಹಳ ದುಬಾರಿ.

ನಮ್ಮ ಸುತ್ತಮುತ್ತ

ಭಾರತದಲ್ಲಿ ಈ ದೋಷ ಮೊದಲು ಗೊತ್ತಾದದ್ದು ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ, 1952ರಲ್ಲಿ. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಹಾಡಿಗಳಲ್ಲೂ ಇದು ಕಂಡುಬರುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಒಂದೇ ದೋಷಯುಕ್ತ ವಂಶವಾಹಿ ಹೊತ್ತವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತಿದ್ದುದರಿಂದಲೇ ಕಾಡಿನ ಜನರಲ್ಲಿ ಅದು ಉಳಿದು ಬಂದಿದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನವರಿಗೆ ತಪಾಸಣೆ ಮಾಡುವ ಗುರಿಯಿದೆ.

ನೆನಪಿಡಿ

* ಮದುವೆಗೆ ಮುನ್ನ ಅಥವಾ ಗರ್ಭ ಧರಿಸಿದ ಆರಂಭದಲ್ಲೇ ಸಂಶಯವಿರುವವರು ರಕ್ತಪರೀಕ್ಷೆ ಮಾಡಿಸಿ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.
* ರಕ್ತ ಕಡಿಮೆಯಿದೆಯೆಂದು ಪರೀಕ್ಷೆಯಿಲ್ಲದೆ ಕಬ್ಬಿಣದ ಟಾನಿಕ್ ಕುಡಿಸಬೇಡಿ. ಎಲ್ಲ ರಕ್ತಹೀನತೆಗೂ ಕಬ್ಬಿಣದ ಕೊರತೆಯೇ ಕಾರಣವಲ್ಲ.
* ರೋಗವಿರುವ ಮಗುವಿಗೆ ಚೆನ್ನಾಗಿ ನೀರು ಕುಡಿಸಿ, ಚಳಿಯಿಂದ ಕಾಪಾಡಿ, ಲಸಿಕೆ ತಪ್ಪಿಸಬೇಡಿ. ಜ್ವರ, ಎದೆನೋವು ಅಥವಾ ಉಸಿರಾಟದ ತೊಂದರೆ ಬಂದರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.